ಬಾಲ್ಕನಿ ಇದೆಯಾ ಅಂತ ಕೇಳಿದ ಲೇಸರ್‌ನವರು

ಕಳೆದ ನವೆಂಬರಿನ ರಾಜ್ಯೋತ್ಸವಕ್ಕೆ ಲೇಸರ್ ಶೋ ಬೇಕೇ ಬೇಕು ಅಂತ ನಮ್ಮ ಕೂಟದ ಅಧ್ಯಕ್ಷರು ಹಟ ಹಿಡಿದರು. ಅಮೆರಿಕದ ಚಿಕ್ಕ ಊರು, ಬಾಡಿಗೆಗೆ ಹಿಡಿದ ಹೈಸ್ಕೂಲ್ ಆಡಿಟೋರಿಯಂ. ಅದರೊಳಗೆ ಅರಿಶಿನ ಕುಂಕುಮ ಬಣ್ಣದ ಕಿರಣ ಹರಿಯಬೇಕಂತೆ. ಖಜಾಂಚಿ ನಾನು. ಆಪರೇಟರ್ ಹುಡುಕುವ ಕೆಲಸ ನನ್ನ ತಲೆಗೇ ಬಂತು.

ಮೊದಲು ಸಿಕ್ಕಿದ್ದು ಮದುವೆ ಮನೆಗಳಲ್ಲಿ ಹಾಡು ಹಾಕುವ ಡಿಜೆ ಹುಡುಗ. ರೇಟು ಕಮ್ಮಿ. ಪರ್ಮಿಷನ್ ಕಾಗದ ಕೇಳಿದರೆ ಇನ್ಶೂರೆನ್ಸ್ ಪತ್ರ ಕಳಿಸಿದ. ಇದಲ್ಲಪ್ಪಾ, ವೇರಿಯನ್ಸ್ ಎಲ್ಲಿ ಅಂದೆ.

ಇಲ್ಲಿ ಲೇಸರ್ ಶೋಗಳ ಉಸ್ತುವಾರಿ ಎಫ್‌ಡಿಎದು. ಹೌದು, ಔಷಧಿ ಮಾತ್ರೆ ನೋಡಿಕೊಳ್ಳುವ ಅದೇ ಎಫ್‌ಡಿಎ. ಶೋಗೆ ಬಳಸುವ ಲೇಸರ್ 5 ಮಿಲಿವ್ಯಾಟ್ ದಾಟಿದರೆ ವೇರಿಯನ್ಸ್ ಅನ್ನೋ ವಿಶೇಷ ಅನುಮತಿ ಬೇಕು. ಹುಡುಗನದು 3 ವ್ಯಾಟ್. ಅಂದರೆ 600 ಪಟ್ಟು.

ಮಾರನೇ ದಿನ ವೇರಿಯನ್ಸೂ ಬಂತು. ನಂಬರು, ತಾರೀಕು ಎಲ್ಲಾ ಸರಿ ಇತ್ತು. ಇನ್ನೇನು ಅಡ್ವಾನ್ಸ್ ಕಳಿಸಬೇಕು, ಯಾರ ಹೆಸರಿಗಿದೆ ಅಂತ ನೋಡಿದೆ. ಪ್ರೊಜೆಕ್ಟರ್ ತಯಾರಿಸಿದ ಕಂಪನಿಯ ಹೆಸರು! ಡಬ್ಬಿ ಮಾಡಿದವರಿಗೆ ಒಂದು ಅನುಮತಿ, ಶೋ ನಡೆಸುವವರಿಗೆ ಇನ್ನೊಂದು. ಕಾರಿನ ಆರ್‌ಸಿ ತೋರಿಸಿ ಇದೇ ನನ್ನ ಡಿಎಲ್ ಅಂದ ಹಾಗಾಯ್ತು. "ಇದನ್ನೆಲ್ಲಾ ಯಾರೂ ಕೇಳಲ್ಲ ಆಂಟಿ" ಅಂದ. ಬೇಡ ಅಂದುಬಿಟ್ಟೆ. ಆಂಟಿ ಅಂದಿದ್ದಕ್ಕಲ್ಲ, ನಂಬಿ.

ಅಧ್ಯಕ್ಷರಿಗೆ ಸಿಟ್ಟು ಬಂತು. ಕಾಗದಕ್ಕೆ ಯಾಕಮ್ಮ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ ಅಂದರು. 2008ರಲ್ಲಿ ಮಾಸ್ಕೋ ಆಚೆ ನಡೆದ ಸಂಗೀತೋತ್ಸವವೊಂದರ ಕಥೆ ಹೇಳಿದೆ. ಮಳೆ ಬಂತು ಅಂತ ಜನರ ಮೇಲೆ ಟಾರ್ಪಾಲ್ ಕಟ್ಟಿದ್ದರು. ಬಯಲಿನಲ್ಲಿ ಮೇಲಕ್ಕೆ ಹೋಗಬೇಕಿದ್ದ ಲೇಸರ್ ಕುಣಿಯುವವರ ಕಣ್ಣಿಗೇ ಹೊಡೆಯಿತು. ಡಜನ್‌ಗಟ್ಟಲೆ ಜನರ ರೆಟಿನಾ ಸುಟ್ಟಿತು. ನಮ್ಮಲ್ಲಿ ಮುಂದಿನ ಸಾಲಿನಲ್ಲಿ ಕೂರುವುದು ಕೋಲಾಟದ ಮಕ್ಕಳು, ಅಲ್ವಾ? ಆಮೇಲೆ ಅವರು ಮಾತಾಡಲಿಲ್ಲ.

ಎರಡನೆಯವರು ವಯಸ್ಸಾದ ಅಮೆರಿಕನ್. ದುಡ್ಡು ಹೆಚ್ಚುಕಮ್ಮಿ ಡಬಲ್. ಆದರೆ ಕೇಳುವ ಮೊದಲೇ ತಮ್ಮ ಹೆಸರಿನ ವೇರಿಯನ್ಸ್ ಕಳಿಸಿದರು. ಅವಧಿ ಇನ್ನೂ ಮುಗಿದಿರಲಿಲ್ಲ. ಆಮೇಲೆ ಪ್ರಶ್ನೆ ಕೇಳಿದ್ದೆಲ್ಲಾ ಅವರೇ. ಸೂರು ಎಷ್ಟೆತ್ತರ? ಶೋ ಒಳಗಾ, ಹೊರಗಾ? ಹೊರಗಾದರೆ ವಿಮಾನ ಹಾರಾಟ ನೋಡಿಕೊಳ್ಳುವ ಎಫ್‌ಎಎಗೂ ಮೊದಲೇ ತಿಳಿಸಬೇಕಂತೆ. ಬಾಲ್ಕನಿ ಇದೆಯಾ?

ಡಿಜೆ ಹುಡುಗ ಬಾಲ್ಕನಿ ಬಗ್ಗೆ ಚಕಾರ ಎತ್ತಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಜನ ನಿಲ್ಲಬಹುದಾದ ನೆಲದಿಂದ ಕಿರಣ 3 ಮೀಟರ್ ಮೇಲಿರಬೇಕು, ಪಕ್ಕಕ್ಕೆ 2.5 ಮೀಟರ್ ದೂರ ಇರಬೇಕು. ಬಾಲ್ಕನಿಗೆ ಜನ ಬಿಟ್ಟರೆ ಲೆಕ್ಕ ಅದರ ನೆಲದಿಂದ. ಅಲ್ಲಿ ಸೂರು ತಲೆಗೆ ತಾಗುವಷ್ಟು ತಗ್ಗು. ಹಾಗಾಗಿ ಬಾಲ್ಕನಿ ಬಂದ್. ಮೆಟ್ಟಿಲಿಗೆ ಹಗ್ಗ ಕಟ್ಟಿ, ಕನ್ನಡದಲ್ಲೂ ಬೋರ್ಡ್ ಬರೆದು ನೇತು ಹಾಕಿದೆ.

ಶೋ ಪೂರ್ತಿ ಅವರ ಕೈ ಲೇಸರ್ ಆರಿಸುವ ಕೆಂಪು ಗುಂಡಿಯ ಮೇಲೇ ಇತ್ತು. ಕೊನೆಯ ಹಾಡಿನಲ್ಲಿ ನಮ್ಮವರೇ ಒಬ್ಬರು ಹಗ್ಗ ದಾಟಿ, ಮಗು ಎತ್ತಿಕೊಂಡು, ವಿಡಿಯೋ ಮಾಡಲು ಬಾಲ್ಕನಿ ಹತ್ತಿದರು. ಆ ಕ್ಷಣವೇ ಲೇಸರ್ ಆರಿತು. ಹಾಲ್ ಪೂರ್ತಿ ಕತ್ತಲೆ. ಅದೇ ಮುಕ್ತಾಯ ಅಂದುಕೊಂಡು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.