ಅಟ್ಟದ ಟ್ರಂಕಿನಲ್ಲಿ ಅಪಾಚೆ

14 ಜುಲೈ 2024, ಭಾನುವಾರ
ಆಲ್ದೂರು

ಐದು ದಿನದಿಂದ ಮಳೆ ಬಿಟ್ಟಿಲ್ಲ. ಬೆಳಿಗ್ಗೆ ಹೋದ ಕರೆಂಟು ಹನ್ನೊಂದಕ್ಕೆ ಬಂತು. ಅಷ್ಟರಲ್ಲಿ ದೊಡ್ಡಪ್ಪನ ಮನೆ ಅಟ್ಟ ಹತ್ತಿ, ಹೋದ ತಿಂಗಳೇ ಕಣ್ಣು ಹಾಕಿದ್ದ ತಗಡಿನ ಟ್ರಂಕನ್ನು ಇಳಿಸಿಕೊಂಡಿದ್ದೆ. ಒಳಗೆ 41 ಕ್ಯಾಸೆಟ್.

ದೊಡ್ಡಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಸಾಹುಕಾರರ ಮನೆಗೆ ಸಿಡಿ ಪ್ಲೇಯರ್ ಬಂದಾಗ ಹಳೇ ಕ್ಯಾಸೆಟ್ಟುಗಳು ಇವರ ಪಾಲಿಗೆ ಬಂದವು. ಹೆಚ್ಚಿನವು ಹಳೇ ರೆಕಾರ್ಡುಗಳಿಂದ ಆರಿಸಿ ಒಟ್ಟು ಮಾಡಿದ ಸಂಗ್ರಹಗಳು. ಮಂಟೋವಾನಿ, ಜೇಮ್ಸ್ ಲಾಸ್ಟ್, ಪಾಲ್ ಮೋರಿಯಾ, ಬರ್ಟ್ ಕೆಂಪ್‌ಫರ್ಟ್. ಪಿಟೀಲುಗಳ ರಾಶಿ, ಮೆತ್ತನೆಯ ಟ್ರಂಪೆಟ್ಟು. ಈಸಿ ಲಿಸನಿಂಗ್ ಅಂತಾರಲ್ಲ, ಅದು. ಸಂಗೀತ ಬಲ್ಲವರು ಮೂಗು ಮುರಿಯುವ ಸರಕು. ನಾನೂ ಮುರಿದಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ಈ ಕೆಂಪ್‌ಫರ್ಟ್ ಇದ್ದಾರಲ್ಲ, 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಬೀಟಲ್ಸ್ ಹುಡುಗರನ್ನು ಗಾಯಕ ಟೋನಿ ಶೆರಿಡನ್ ಹಿಂದೆ ನುಡಿಸಲು ಕೂರಿಸಿ ರೆಕಾರ್ಡ್ ಮಾಡಿಸಿದವರು ಇವರೇ. ಆಗ ಆ ಹುಡುಗರನ್ನು ಕೇಳುವವರೇ ಇರಲಿಲ್ಲ.

ಸಂಗ್ರಹ ಅಂದರೆ ಕಂಪನಿಯವರು ಉಳಿದ ಅನ್ನಕ್ಕೆ ಒಗ್ಗರಣೆ ಹಾಕಿದ ಚಿತ್ರಾನ್ನ ಅನ್ನುವವರಿದ್ದಾರೆ. ಇರಲಿ. ಚಿತ್ರಾನ್ನ ಕೆಟ್ಟದ್ದು ಅಂತ ಯಾರು ಹೇಳಿದ್ದು?

ಹಾಕುವ ಮೊದಲು ರಿಪೇರಿ. ಟೇಪಿನ ಅಂಚಿಗೆಲ್ಲ ಬಿಳಿ ಬೂಸಲು. ಮಳೆಗಾಲದಲ್ಲಿ ಚಪ್ಪಲಿಗೆ ಹಿಡಿಯುತ್ತದಲ್ಲ, ಅಂಥದ್ದೇ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಐದು ಸ್ಕ್ರೂ ಬಿಚ್ಚಿ, ಸುರುಳಿ ಹೊರಗೆ ತೆಗೆದು ಒಣ ಹತ್ತಿಯಲ್ಲಿ ಒರೆಸಿದೆ. ಟೇಪ್‌ರೆಕಾರ್ಡರಿನ ಬೆಲ್ಟು ಕರಗಿ ಅಂಟಾಗಿತ್ತು. ಹೊಸದನ್ನು ಹೋದ ವಾರವೇ ಚಿಕ್ಕಮಗಳೂರಿನಿಂದ ತಂದಿದ್ದೆ. (ಸುಮ್ನೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ ನೋಡಿದವರಿಗೆ ಗೊತ್ತು, ಹಾಡು ಎಳೆದೆಳೆದು ಅಳುತ್ತದೆ.)

ಮೊದಲು ಹಾಕಿದ್ದು ಗಿಟಾರ್ ಸಂಗ್ರಹ. ಹಾಡು ಶುರುವಾಗುವ ಮೊದಲೇ ಅದೇ ಹಾಡು ಬಾವಿಯೊಳಗಿಂದ ಬಂದಂತೆ ಸಣ್ಣಗೆ ಕೇಳಿತು. ವರ್ಷಗಟ್ಟಲೆ ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೂ ಹತ್ತಿಕೊಳ್ಳುತ್ತದೆ. ಆಮೇಲೆ ‘ಅಪಾಚೆ’ ಬಂತು, 1960ರಲ್ಲಿ ಇಂಗ್ಲೆಂಡಿನ ದಿ ಶ್ಯಾಡೋಸ್ ತಂಡ ನುಡಿಸಿದ್ದು.

“ಇದನ್ನ ಕ್ಲಬ್ಬಲ್ಲಿ ಇಸ್ಪೀಟಿನ ಹೊತ್ತಿಗೆ ಹಾಕ್ತಿದ್ರು ಕಣೋ” ಅಂದರು ದೊಡ್ಡಪ್ಪ.

ಟ್ರಂಕಿನ ತಳದಲ್ಲಿ ಬೇರೆ ಜಾತಿಯದೊಂದು ಸಿಕ್ಕಿತು. ಅಣ್ಣ, ಅಂದರೆ ದೊಡ್ಡಪ್ಪನ ಮಗ, ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಕಾಪಿ ಮಾಡಿಕೊಂಡದ್ದು. ಮೇಲೆ ಬಾಲ್ ಪೆನ್ನಿನಲ್ಲಿ ‘ಓಲ್ಡ್ ರ‍್ಯಾಪ್, ಯಾರೂ ಮುಟ್ಟಬೇಡಿ’. ಬೆನ್ನಿನ ಎರಡು ತೂತಿಗೂ ಸೆಲ್ಲೋಟೇಪು. ಆ ತೂತು ಮುಚ್ಚಿದರೇನೇ ಮತ್ತೆ ರೆಕಾರ್ಡ್ ಮಾಡಲು ಆಗುವುದು. ಏನೋ ಇದ್ದದ್ದರ ಮೇಲೆ ಇದನ್ನು ತುಂಬಿಸಿದ್ದಾನೆ.

ಮೊದಲು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ 1982ರ ಹಾಡು ಆಯಿತು. ಆಮೇಲೆ ಶುಗರ್‌ಹಿಲ್ ಗ್ಯಾಂಗ್ ಅನ್ನುವ ಇನ್ನೊಂದು ತಂಡದ್ದು ಬಂತು. ಎರಡನೇ ಹಾಡಿಗೆ ದೊಡ್ಡಪ್ಪ ಪೇಪರ್ ಕೆಳಗಿಟ್ಟರು.

“ಏಯ್, ಇದು ಅದೇ ಟ್ಯೂನ್ ಅಲ್ವೇನೋ?”

ಅದೇ! ನನಗಿಂತ ಮೊದಲು ಅವರ ಕಿವಿಗೆ ಬಿತ್ತು. ನನಗೆ ಗೊತ್ತಿದ್ದ ಕಥೆ ಹೇಳಿದೆ. 1973ರಲ್ಲಿ ಇನ್‌ಕ್ರೆಡಿಬಲ್ ಬೊಂಗೊ ಬ್ಯಾಂಡ್ ಅಂತ ಒಂದು ತಂಡ ಅದೇ ‘ಅಪಾಚೆ’ಯನ್ನು ಬೊಂಗೊ, ಡ್ರಮ್ಸ್ ಜಾಸ್ತಿ ಮಾಡಿ ನುಡಿಸಿತು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಆ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡರು. ಬರೀ ಡ್ರಮ್ಸ್ ಇರುವ ತುಂಡು ಒಂದರಲ್ಲಿ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಶುರು. ಕುಣಿಯುವವರಿಗೆ ಬಿಡುವೇ ಇಲ್ಲ. ಅದೇ ‘ಅಪಾಚೆ’ ಮೇಲೆ 1981ರಲ್ಲಿ ಶುಗರ್‌ಹಿಲ್ ಗ್ಯಾಂಗಿನವರು ಮಾತು ಕಟ್ಟಿದರು.

“ವೀರಗಾಸೆಯವರಿಗೆ ಆವೇಶ ಏರಿದಾಗ ಕರಡೆಯವನು ಅದನ್ನೇ ಸುತ್ತಿ ಸುತ್ತಿ ಬಾರಿಸ್ತಾನಲ್ಲ, ಹಾಗೆ ಅನ್ನು.”

ನಾನು ಇಷ್ಟು ಹೇಳಿದ್ದನ್ನು ಅವರು ಒಂದೇ ಮಾತಲ್ಲಿ ಮುಗಿಸಿಬಿಟ್ಟರು. ಎರಡು ಕ್ಯಾಸೆಟ್ಟನ್ನೂ ಇನ್ನೊಂದು ಸಲ ಒಂದಾದ ಮೇಲೆ ಒಂದು ಹಾಕಿಸಿಕೊಂಡು ಕೇಳಿದರು. ಕಾಲು ಕುಣಿಯುತ್ತಿತ್ತು.

ಬಿ ಸೈಡ್ ಮುಗಿಯಲು ಸ್ವಲ್ಪ ಇರುವಾಗ ರ‍್ಯಾಪ್ ಟಕ್ ಅಂತ ನಿಂತಿತು. ಅರ್ಧ ಸಾಲಿನಿಂದಲೇ ತಾಳ, ಗಂಟೆ, ಹೆಂಗಸರ ದನಿಯಲ್ಲಿ ಶಾರದಾಂಬೆಯ ಭಜನೆ. ಕಳಲೆ ಹೆಚ್ಚುತ್ತಿದ್ದ ದೊಡ್ಡಮ್ಮ ಚಾಕು ಹಿಡಿದುಕೊಂಡೇ ಹೊರಗೆ ಬಂದರು.

“ಅಯ್ಯೋ, ಇದು ನಾನು ಶೃಂಗೇರಿಯಿಂದ ತಂದ ಕ್ಯಾಸೆಟ್ಟು! ನಿಮ್ಮ ತಂಗಿ ಎತ್ಕೊಂಡು ಹೋದ್ಲು ಅಂತ ಅವಳಿಗೆ ಎಷ್ಟು ಬೈದಿದ್ದೆ!”

ದೊಡ್ಡಪ್ಪ ಮತ್ತೆ ಪೇಪರ್ ಎತ್ತಿ ಮುಖ ಮುಚ್ಚಿಕೊಂಡರು. ಅಣ್ಣನಿಗೆ ವಾಟ್ಸಾಪ್ ಮಾಡಿದ್ದೇನೆ. ಎರಡು ನೀಲಿ ಟಿಕ್ ಬಂದಿದೆ, ಉತ್ತರ ಇಲ್ಲ.