‘ಬೇರೆ ದನಿ ತಗೊಂಡ್ವಿ’ ಅಂದ ಮೇಲಿನ ಕೆಲಸ

ನಾನು ಸ್ಟುಡಿಯೋಗಳಲ್ಲಿ ಟ್ರ್ಯಾಕ್ ಹಾಡುತ್ತೇನೆ, ಕೋರಸ್ ಹಾಡುತ್ತೇನೆ. ಟ್ರ್ಯಾಕ್ ಅಂದರೆ ಗೊತ್ತಲ್ವಾ? ಹಾಡು ಹೇಗೆ ಬರಬೇಕು ಅಂತ ತೋರಿಸಲು ಮೊದಲು ಒಬ್ಬರು ಹಾಡಿಡುತ್ತಾರೆ. ಮುಖ್ಯ ಗಾಯಕರು ಅದನ್ನು ಕೇಳಿ ಕಲಿತು ಹಾಡುತ್ತಾರೆ. ಆಮೇಲೆ ನಮ್ಮ ದನಿ ತೆಗೆದುಹಾಕುತ್ತಾರೆ. ಅಪರೂಪಕ್ಕೆ ಟ್ರ್ಯಾಕ್ ದನಿಯನ್ನೇ ಉಳಿಸಿಕೊಳ್ಳುವುದೂ ಉಂಟು. ಆ ಆಸೆ ಇಟ್ಟುಕೊಂಡೇ ನಾವೆಲ್ಲ ಮೈಕ್ ಮುಂದೆ ನಿಲ್ಲುವುದು. ಹಾಗಾಗಿ ‘ಬೇಡ’ ಅನ್ನಿಸಿಕೊಳ್ಳುವುದು ಈ ಕೆಲಸದಲ್ಲಿ ಮಾಮೂಲಿ. ಮಾಮೂಲಿ ಆದರೂ ನೋವಾಗುತ್ತದೆ.

ಹೊಸಬರಿಗೆ ಎಲ್ಲರೂ ‘ಛಲ ಬೆಳೆಸಿಕೋ, ಮಾಡಿ ತೋರಿಸು’ ಅನ್ನುತ್ತಾರೆ. ಛಲ ಒಳ್ಳೆಯದೇ. ಆದರೆ ಅದರ ಬಿಸಿ ಬೇಗ ಆರುತ್ತದೆ. ಸಿಟ್ಟಿನಲ್ಲಿ ಗಂಟೆಗಟ್ಟಲೆ ಕಿರುಚಿ ಸಾಧನೆ ಮಾಡಿದರೆ ಗಂಟಲು ಕಟ್ಟುತ್ತದೆ, ಅಷ್ಟೆ. ಮರುದಿನ ಬೆಳಿಗ್ಗೆ ಎದ್ದು ಶ್ರುತಿ ಹಾಕಿಕೊಂಡು ಕೂರಬೇಕಾದರೆ ಇವತ್ತು ಏನನ್ನು ತಿದ್ದಬೇಕು ಅಂತ ಖಚಿತವಾಗಿ ಗೊತ್ತಿರಬೇಕು.

ಅದು ನನಗೆ ಗೊತ್ತಾಗಿದ್ದು ಒಬ್ಬ ಸೌಂಡ್ ಎಂಜಿನಿಯರ್‌ರಿಂದ. ಹಾಡು ಬೇರೆಯವರ ಪಾಲಾಗಿತ್ತು. ‘ಸರ್, ಯಾವ ಸಾಲಿನಲ್ಲಿ ಬೇಡ ಅನ್ನಿಸ್ತು?’ ಅಂತ ಕೇಳಿದೆ. ಅವರು ವಾದ್ಯಗಳನ್ನೆಲ್ಲ ಮ್ಯೂಟ್ ಮಾಡಿ ನನ್ನ ದನಿಯನ್ನಷ್ಟೇ ಹಾಕಿದರು. ಉಸಿರಾಟ, ತುಟಿ ಬಿಡಿಸುವ ಸದ್ದು ಎಲ್ಲ ಕೇಳಿಸುತ್ತಿತ್ತು. ಪರದೆಯ ಮೇಲೆ ಸ್ವರದ ಗೆರೆ. ಸಾಲು ಮುಗಿಯುವ ಪ್ರತಿ ಜಾಗದಲ್ಲೂ ಅದು ಸ್ವಲ್ಪ ಕೆಳಗೆ ಬಾಗುತ್ತಿತ್ತು. ‘ನೋಡಮ್ಮ, ಸ್ವರ ಹಿಡಿಯೋದು ಚೆನ್ನಾಗಿದೆ. ಬಿಡೋವಾಗ ಜಾರುತ್ತೆ’ ಅಂದರು. ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ (ಕಪ್ಪು ಮನೆಯೂ ಸೇರಿ) ಇರುವ ಅಂತರ ಒಂದು ಸೆಮಿಟೋನ್. ಅದಕ್ಕೆ 100 ಸೆಂಟ್ ಲೆಕ್ಕ. ನನ್ನದು ಅದರಲ್ಲಿ ಕಾಲು ಭಾಗದಷ್ಟು ಇಳಿಯುತ್ತಿತ್ತು. ಸಾಫ್ಟ್‌ವೇರ್‌ನಲ್ಲಿ ಸರಿ ಮಾಡಬಹುದು. ಆದರೆ ಸರಿ ಮಾಡುವ ಅಗತ್ಯವೇ ಇಲ್ಲದ ದನಿ ಸಿಕ್ಕಾಗ ಅದನ್ನೇ ತಗೊಳ್ಳುತ್ತಾರೆ, ನ್ಯಾಯವೇ ಅಲ್ವಾ?

ಕಾರಣ ಉಸಿರು. ಸಾಲಿನ ಶುರುವಿನಲ್ಲೇ ಜಾಸ್ತಿ ಖರ್ಚಾಗಿ ಕೊನೆಗೆ ಉಳಿಯುತ್ತಿರಲಿಲ್ಲ. ಆಮೇಲಿನ ಅಭ್ಯಾಸ ತುಂಬ ಸರಳ. ಲಯಕ್ಕೆ ಏಟು ಹಾಕುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಏಟಿಗೆ ಇಟ್ಟು, ಒಂದು ಸ್ವರವನ್ನು 8 ಏಟಿನವರೆಗೆ ಒಂದೇ ಸಮನೆ ಹಿಡಿಯುವುದು. ಎದೆಯಲ್ಲಿ ಇನ್ನೂ ಉಸಿರಿರುವಾಗಲೇ ನಿಲ್ಲಿಸುವುದು. ಫೋನಿನಲ್ಲಿ ರೆಕಾರ್ಡ್ ಮಾಡಿ ಮರುದಿನ ಕೇಳುವುದು. ಹಾಡಿದ ಕೂಡಲೇ ಕೇಳಿದರೆ ನಮ್ಮ ದನಿ ನಮಗೆ ಚೆನ್ನಾಗಿಯೇ ಕೇಳಿಸುತ್ತದೆ.

ಎಲ್ಲ ‘ಬೇಡ’ದಲ್ಲೂ ಇಂಥ ಪಾಠ ಇರುವುದಿಲ್ಲ. ಹಾಡಿನ ಸ್ಕೇಲ್, ಅಂದರೆ ಶ್ರುತಿಯ ಎತ್ತರ, ನಮ್ಮ ದನಿಗೆ ಹೊಂದುವುದಿಲ್ಲ, ಹೆಸರಿರುವ ಗಾಯಕಿ ಬೇಕಿರುತ್ತದೆ. ಅಂಥವನ್ನು ತಲೆಯಲ್ಲಿ ಇಟ್ಟುಕೊಳ್ಳಬಾರದು. ಇಟಲಿಯ ವೆರ್ಡಿ ಮುಂದೆ ದೊಡ್ಡ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಸಂಯೋಜಕನಾದವನು. 1832ರಲ್ಲಿ, 18 ವರ್ಷದವನಿದ್ದಾಗ, ಅವನನ್ನು ಮಿಲಾನ್ ಸಂಗೀತ ಶಾಲೆ ಸೇರಿಸಿಕೊಳ್ಳಲಿಲ್ಲ. ವಯಸ್ಸು ಮೀರಿದೆ, ಹೊರಗಿನ ರಾಜ್ಯದವನು, ಪಿಯಾನೋ ಮೇಲೆ ಕೈ ಇಡುವ ರೀತಿ ಸರಿಯಿಲ್ಲ ಅನ್ನುವುದು ಕಾರಣ. ಮೊದಲೆರಡಕ್ಕೆ ಆ ಹುಡುಗ ಏನು ಮಾಡಲು ಸಾಧ್ಯವಿತ್ತು? ಆ ಶಾಲೆಗೆ ಇವತ್ತು ಅವನದೇ ಹೆಸರು ಅನ್ನುವುದನ್ನು ಎಲ್ಲರೂ ಖುಷಿಯಿಂದ ಹೇಳುತ್ತಾರೆ. ನನಗೆ ಇಷ್ಟವಾಗುವುದು ನಡುವಿನ ವರ್ಷಗಳು. ಅವನು ಅದೇ ಊರಿನಲ್ಲಿ ಉಳಿದು, ಲಾವಿನ್ಯಾ ಎಂಬ ಗುರುವಿನ ಬಳಿ ಖಾಸಗಿಯಾಗಿ ಕೌಂಟರ್‌ಪಾಯಿಂಟ್, ಅಂದರೆ ಹಲವು ಧಾಟಿಗಳನ್ನು ಒಟ್ಟಿಗೆ ಹೆಣೆಯುವ ವಿದ್ಯೆ, ಕಲಿತ. ಆ ವಿದ್ಯೆಯ ಕೆನನ್, ಫ್ಯೂಗ್ ಎಂಬ ರಚನೆಗಳನ್ನು ಬರೆದದ್ದೇ ಬರೆದದ್ದು. 1839ರಲ್ಲಿ ಅವನ ಮೊದಲ ಒಪೆರಾ ಮಿಲಾನ್‌ನ ಹೆಸರಾಂತ ರಂಗಮಂದಿರ ಲಾ ಸ್ಕಾಲಾದಲ್ಲಿ ರಂಗಕ್ಕೆ ಬಂತು.

ಕಾರಣ ಕೇಳುವಾಗ ಒಂದೇ ಪ್ರಶ್ನೆ ಕೇಳಿ, ಚಿಕ್ಕದಾಗಿ ಕೇಳಿ. ‘ನನ್ನಲ್ಲಿ ಏನು ಕಮ್ಮಿ?’ ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಯಾವ ಸಾಲು ಅಂತ ಕೇಳಿದರೆ ಕೆಲವರಾದರೂ ಹೇಳುತ್ತಾರೆ. ಉತ್ತರ ಬರದಿದ್ದರೆ ಸುಮ್ನೆ ಬೆನ್ನು ಹತ್ತಬೇಡಿ.

ಯಾರೂ ಏನೂ ಹೇಳದಿದ್ದರೂ ಒಂದು ದಾರಿ ಇದೆ, ಮೊದಮೊದಲು ಕಷ್ಟ. ಹಾಡು ಬಿಡುಗಡೆಯಾದ ಮೇಲೆ ನಮ್ಮ ಜಾಗಕ್ಕೆ ಬಂದ ದನಿಯನ್ನು ಹೆಡ್‌ಫೋನ್ ಹಾಕಿಕೊಂಡು ಸಾಲುಸಾಲಾಗಿ ಕೇಳುವುದು. ಒಂದು ಚರಣದಲ್ಲಿ ನಾನು ಸಾಲು ಮುಗಿಯುವವರೆಗೆ ಉಸಿರು ಬಿಗಿಹಿಡಿದು ಎಳೆದಿದ್ದೆ. ಆ ಗಾಯಕಿ ನಡುವೆ, ಎರಡು ಪದಗಳ ಸಂದಿನಲ್ಲಿ, ಯಾರಿಗೂ ತಿಳಿಯದ ಹಾಗೆ ಉಸಿರು ತೆಗೆದುಕೊಂಡಿದ್ದರು. ಅರ್ಥವೂ ಕೆಟ್ಟಿರಲಿಲ್ಲ, ಕೊನೆಯ ಸ್ವರವೂ ನೆಟ್ಟಗೆ ನಿಂತಿತ್ತು. ಅದನ್ನು ಅಭ್ಯಾಸ ಮಾಡಿಕೊಂಡು ಮುಂದಿನ ಟ್ರ್ಯಾಕ್‌ಗೆ ಹೋದೆ.