ದೊಡ್ಡಮ್ಮ ಹಾಕದ ವೋಟು

ಮೊನ್ನೆ ಶನಿವಾರ ದೊಡ್ಡಮ್ಮನ ಮನೆಯಲ್ಲಿ ಅಟ್ಟದಿಂದ ದಸರಾ ಗೊಂಬೆಗಳ ಟ್ರಂಕು ಇಳಿಸಿದೆವು. ಹಳೇ ಪಂಚೆಯ ತುಂಡುಗಳನ್ನು ಬಿಚ್ಚಿದರೆ ಮೊದಲು ಸಿಕ್ಕಿದ್ದು ಪಟ್ಟದ ಗೊಂಬೆಗಳು. ರಾಜನ ಪೇಟ ಪೂರ್ತಿ ಹರಿದಿತ್ತು. ದೊಡ್ಡಮ್ಮ ಹಳೇ ರೇಷ್ಮೆ ರವಿಕೆಯ ಜರಿ ಅಂಚು ಕತ್ತರಿಸಿಕೊಂಡು ಹೊಸ ಪೇಟ ಸುತ್ತುತ್ತಾ ಕೂತರು. ನಾನು ಏನೂ ಕೇಳಿರಲಿಲ್ಲ. ಅವರೇ ಹೇಳಿಬಿಟ್ಟರು.

"ತೊಂಬತ್ತೊಂದರಲ್ಲಿ ನಾನು ಮಹಾರಾಜರಿಗೆ ವೋಟು ಹಾಕ್ಲಿಲ್ಲ ಕಣೇ."

ನಾನು ನಂಬಲಿಲ್ಲ. 2013ರ ಡಿಸೆಂಬರ್ 10ರಂದು ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ತೀರಿಕೊಂಡಾಗ ಮನೆಯವರೇ ಹೋದ ಹಾಗೆ ಅತ್ತವರು ಇವರು. ಮಾರನೇ ದಿನ ಅರಮನೆ ಹತ್ತಿರದ ಸಾಲಿನಲ್ಲಿ ಇವರ ಕೈ ಹಿಡಿದುಕೊಂಡು ನಿಂತಿದ್ದವಳು ನಾನೇ. ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿ ಇನ್ನೂ ಹತ್ತು ದಿನವೂ ಆಗಿರಲಿಲ್ಲ, ಅರವತ್ತು ವರ್ಷ ಸಾಯೋ ವಯಸ್ಸಾ ಅಂತ ದಾರಿಯುದ್ದಕ್ಕೂ ಹೇಳುತ್ತಿದ್ದರು.

"ಯಾಕೆ ದೊಡ್ಡಮ್ಮ? ಪಕ್ಷ ಬದಲಾಯಿಸಿದ್ರು ಅಂತಾನಾ?"

ಕೇಳಲು ಕಾರಣವಿತ್ತು. 1984 ಮತ್ತು 1989ರಲ್ಲಿ ಅವರು ಮೈಸೂರಿನಿಂದ ಕಾಂಗ್ರೆಸ್ ಸಂಸದರಾಗಿದ್ದರು. 1991ರಲ್ಲಿ ಬಿಜೆಪಿಯಿಂದ ನಿಂತರು. ಎದುರಿಗೆ ದೇವರಾಜ ಅರಸು ಅವರ ಮಗಳು ಚಂದ್ರಪ್ರಭಾ ಅರಸು. ಒಡೆಯರ್ ಸೋತರು.

"ಪಕ್ಷ ಯಾರಿಗೆ ಬೇಕಿತ್ತು? ನಮ್ಮ ಬೀದಿಗೆ ಬಂದಿದ್ರು. ಜೀಪಲ್ಲಿ ನಿಂತ್ಕೊಂಡು ಕೈ ಮುಗಿದ್ರು. ನಂಗೆ ಕಣೇ, ಪೊರಕೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೋಳಿಗೆ. ನೋಡೋಕಾಗ್ಲಿಲ್ಲ. ಸೋತ್ರೆ ಅರಮನೇಲೇ ಇರ್ತಾರೆ ಅನ್ನಿಸ್ತು."

ನಾಲ್ಕು ದಿನವಾಯಿತು, ಆ ಪೊರಕೆ ಮತ್ತು ಆ ಜೀಪು ನನ್ನ ತಲೆಯಿಂದ ಹೋಗಿಲ್ಲ. ದ್ವೇಷಕ್ಕೆ ಸೋಲಿಸುವವರಿದ್ದಾರೆ, ದುಡ್ಡಿಗೆ ಸೋಲಿಸುವವರಿದ್ದಾರೆ. ಭಕ್ತಿಗೆ ಸೋಲಿಸಿದವರನ್ನು ನಾನು ಕಂಡಿದ್ದು ಇದೇ ಮೊದಲು.

ದೊಡ್ಡಮ್ಮನ ಮೇಲೆ ನನಗೆ ಜಾಸ್ತಿ ಪ್ರೀತಿ. ಆದರೂ ಈ ಮಾತು ಒಪ್ಪಲಾರೆ. ಒಡೆಯರ್ ಹುಟ್ಟಿದ್ದು 1953ರಲ್ಲಿ. ಅಷ್ಟರಲ್ಲಾಗಲೇ ರಾಜ್ಯ ಹೋಗಿತ್ತು. ಅಪ್ಪ ಜಯಚಾಮರಾಜೇಂದ್ರ ಒಡೆಯರ್ ಆಗ ರಾಜಪ್ರಮುಖರು, ಅಂದರೆ ರಾಜ್ಯಪಾಲರಂಥದ್ದೇ ಹುದ್ದೆ, ಆಮೇಲೆ ರಾಜ್ಯಪಾಲರು. ಮಗನಿಗೆ ಹದಿನೆಂಟಾದಾಗ ಹಳೇ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನವೂ ರದ್ದಾಯಿತು, ಇಪ್ಪತ್ತೊಂದಕ್ಕೆ ಅಪ್ಪನೂ ಹೋದರು. ಒಂದು ದಿನವೂ ಆಳಲಿಲ್ಲ. ಆದರೂ ಪ್ರತಿ ನವರಾತ್ರಿಗೆ ಚಿನ್ನದ ಸಿಂಹಾಸನ ಹತ್ತಿ ಖಾಸಗಿ ದರ್ಬಾರು ನಡೆಸಬೇಕು. ಅರಮನೆ, ಸಿಂಹಾಸನ, ಹೆಸರು ಎಲ್ಲವೂ ಹುಟ್ಟಿನಿಂದ ಬಂದಿದ್ದು. ವೋಟು ಮಾತ್ರ ಹಾಗಲ್ಲ, ಅದನ್ನು ಬೀದಿಗೆ ಬಂದೇ ಕೇಳಬೇಕು. ಬಂದರು, ಕೇಳಿದರು. ಸೋತ ಮೇಲೂ ಅದೇ ಬೀದಿಗಳಿಗೆ ವಾಪಸ್ ಬಂದು 1996ರಲ್ಲಿ ಗೆದ್ದರು, 1999ರಲ್ಲಿ ಮತ್ತೆ ಗೆದ್ದರು. 2004ರಲ್ಲಿ ಇನ್ನೊಮ್ಮೆ ಸೋತರು. ಜೀಪಿನಲ್ಲಿ ನಿಂತು ಪೊರಕೆ ಹಿಡಿದ ಹೆಂಗಸಿಗೆ ಕೈ ಮುಗಿದ ಆ ಗಳಿಗೆಯನ್ನೇ ನಾನು ಅವರ ದೊಡ್ಡತನ ಅನ್ನುತ್ತೇನೆ. ದೊಡ್ಡಮ್ಮನಿಗೆ ಅದೇ ಸಂಕಟ.

ನಮ್ಮ ಊರಿನವರ ಮೇಲೆ ಒಂದು ಸಿಟ್ಟೂ ಇದೆ. ಒಡೆಯರ್ ಮಾತು ಬಂದರೆ ಸಾಕು, ನಾಲ್ವಡಿಯವರು ಕನ್ನಂಬಾಡಿ ಕಟ್ಟಿದರು, 1916ರಲ್ಲಿ ವಿಶ್ವವಿದ್ಯಾಲಯ ಕೊಟ್ಟರು, ಇವರೇನು ಮಾಡಿದರು ಅಂತ ಶುರುವಾಗುತ್ತಾರೆ. ನಾಲ್ವಡಿಯವರ ಕೈಯಲ್ಲಿ ಖಜಾನೆಯಿತ್ತು, ದಿವಾನರಿದ್ದರು. ದಿಲ್ಲಿಯಲ್ಲಿ ಐನೂರು ಚಿಲ್ಲರೆ ಸಂಸದರ ನಡುವೆ ಕೂತ ಒಬ್ಬರು ಅಣೆಕಟ್ಟು ಕಟ್ಟೋಕಾಗುತ್ತಾ? ಸಂಸದರಾಗಿ ಏನು ಮಾಡಿದರು ಅಂತ ಕೇಳಲಿ, ಗಟ್ಟಿಯಾಗಿ ಕೇಳಲಿ. ಆದರೆ ದೊಡ್ಡಜ್ಜನ ಅಳತೆಕೋಲು ಹಿಡಿದು ಮೊಮ್ಮಗನನ್ನು ಅಳೆಯೋದು ಅನ್ಯಾಯ ಅಲ್ವಾ? ಬರೀ ಆ ಹೆಸರು ನೋಡಿ ವೋಟು ಹಾಕಿದವರೂ ನನಗೆ ಇಷ್ಟವಿಲ್ಲ. ಇಬ್ಬರೂ ಎದುರಿಗೆ ನಿಂತಿದ್ದ ಮನುಷ್ಯನನ್ನು ನೋಡಲಿಲ್ಲ.

ಇದನ್ನೆಲ್ಲ ದೊಡ್ಡಮ್ಮನಿಗೆ ಹೇಳಿದೆ. ಅವರು ಪೇಟದ ತುದಿ ಸಿಕ್ಕಿಸಿ, ಗೊಂಬೆಯನ್ನು ಬೆಳಕಿಗೆ ಹಿಡಿದು ನೋಡಿದರು. ಮರದ ಗೊಂಬೆ, ಎರಡೂ ಕೈ ಮೈಗೆ ಅಂಟಿದ ಹಾಗೇ ಕೆತ್ತಿದ್ದಾರೆ. ಹತ್ತಿರ ಹಿಡಿದು ನೋಡಿದರೆ ಬೆರಳುಗಳ ಗೆರೆ ಕೂಡ ಸವೆದುಹೋಗಿದೆ.

"ನೀನು ಹೇಳೋದೂ ಸರಿ ಇರಬಹುದು" ಅಂದರು.

2024ರ ನೆನಪಾಯಿತು. ಒಡೆಯರ್ ದಂಪತಿಗೆ ಮಕ್ಕಳಿರಲಿಲ್ಲ. ಪ್ರಮೋದಾದೇವಿಯವರು 2015ರಲ್ಲಿ ದತ್ತು ತೆಗೆದುಕೊಂಡ ಯದುವೀರ್ ಆ ವರ್ಷ ಬಿಜೆಪಿಯಿಂದ ನಿಂತು 1,39,262 ಮತಗಳಿಂದ ಗೆದ್ದರಲ್ಲ, ಆಗ ನಾನು ಊರಲ್ಲಿರಲಿಲ್ಲ.

"ಅವರೂ ನಮ್ಮ ಬೀದಿಗೆ ಬಂದಿದ್ರಾ ದೊಡ್ಡಮ್ಮ?"

"ಬರ್ತಾರೆ ಅಂತ ಮೈಕಲ್ಲಿ ಕೂಗ್ತಿದ್ರು. ನಾನು ಬಾಗಿಲು ಹಾಕ್ಕೊಂಡು ಒಳಗೆ ಕೂತ್ಬಿಟ್ಟೆ."

"ವೋಟು?"

ರಾಣಿಯ ಸೀರೆಗೆ ಜರಿ ಸಾಲುತ್ತಾ ಅಂತ ಅಂಚನ್ನು ಎಳೆದು ಅಳೆಯುತ್ತಿದ್ದರು. ತಲೆ ಎತ್ತದೆ ಹೇಳಿದರು: "ಬೆಳಿಗ್ಗೆ ಏಳಕ್ಕೇ ಹೋಗಿ ಹಾಕಿ ಬಂದೆ ಕಣೇ."